ಚಪ್ಪಡಿಯ ಕೆಳಗಿನ ನಿಕ್ಕಲ್

ಡಾಕ್ಟರು ನನ್ನ ಗಂಡನ ಬಲಗಡೆಯ ಮೂಗಿನ ಹೊಳ್ಳೆಗೆ ಸಣ್ಣ ಟಾರ್ಚು ಹಿಡಿದು, “ನೀವೂ ಬಂದು ನೋಡೀಮ್ಮಾ” ಎಂದು ನನ್ನನ್ನು ಕರೆದರು. ಬೆಳಕು ಎಡಗಡೆಯ ಹೊಳ್ಳೆಯಲ್ಲಿ ಕಾಣುತ್ತಿತ್ತು. ನಡುವಿನ ಗೋಡೆಯಲ್ಲಿ ತೂತು ಬಿದ್ದಿತ್ತು. ಕ್ರೋಮ್ ತೊಟ್ಟಿಯ ಮೇಲೆ ಬಗ್ಗಿ ಕೆಲಸ ಮಾಡುವವರಿಗೆ ಹೀಗಾಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ನನ್ನ ಮನೆಯಲ್ಲೇ ನೋಡಬೇಕಾಗುತ್ತದೆ ಅಂದುಕೊಂಡಿರಲಿಲ್ಲ.

“ವಾಸನೆ ಬರುತ್ತಾ?” ಎಂದರು ಡಾಕ್ಟರು.

“ಇಲ್ಲ ಸಾರ್, ಬಹಳ ವರ್ಷ ಆಯ್ತು. ನಮ್ಮ ಕೆಲಸಕ್ಕೆ ಅದೂ ಒಂಥರಾ ಅನುಕೂಲಾನೇ” ಎಂದು ನನ್ನವರು ನಕ್ಕರು.

ಡಾಕ್ಟರು ನಗಲಿಲ್ಲ. “ಈಗ ಹೋಗಿರೋದು ಮೂಗು. ಮುಂದಿನದು ಶ್ವಾಸಕೋಶ. ಆ ಹಬೆ ಹತ್ರ ಇನ್ನು ಹೋಗಲೇಬಾರದು” ಎಂದರು.

ಪೀಣ್ಯದ ಎರಡನೇ ಹಂತದಲ್ಲಿ ನಮ್ಮದೊಂದು ಪ್ಲೇಟಿಂಗ್ ಶೆಡ್ಡು. ಸೈಕಲ್ ಹ್ಯಾಂಡಲ್ಲು, ನಲ್ಲಿಯ ತಿರುಪು, ಸ್ಕೂಟರಿನ ಸಣ್ಣಪುಟ್ಟ ಭಾಗಗಳಿಗೆ ಮೊದಲು ನಿಕ್ಕಲ್, ಅದರ ಮೇಲೆ ಹೊಳಪಿಗೆ ತೆಳ್ಳಗೆ ಕ್ರೋಮ್ ಹಾಕಿ ಕೊಡುವುದು ನಮ್ಮ ಕಸುಬು. ದ್ರಾವಣಗಳ ಪರೀಕ್ಷೆ ನನ್ನದು, ತೊಟ್ಟಿಗಳು ಅವರದು. ಸಾಮಾನುಗಳಿಗೆ ತಾಮ್ರದ ತಂತಿ ಕಟ್ಟಿ ತೂಗುಹಾಕಲು ಪೀಣ್ಯದ ಹಳೇ ಊರಿನ ಮೂರು ನಾಲ್ಕು ಹೆಂಗಸರು ಬರುತ್ತಿದ್ದರು. ತುಮಕೂರು ರಸ್ತೆಯ ದೊಡ್ಡ ಕಾರ್ಖಾನೆಗಳವರಿಗೆ ಪಿ.ಎಫ್. ಉಂಟು, ಗ್ರಾಚ್ಯುಟಿ ಉಂಟು. ಶೆಡ್ಡಿನ ಮಾಲೀಕರೆಂದು ಕರೆಸಿಕೊಳ್ಳುವ ನಮಗೆ ಮಾಲೀಕರೆಂಬ ಹೆಸರು ಮಾತ್ರ ಉಂಟು.

ಹಾಗಾಗಿ ಮುದಿತನಕ್ಕೆ ಕೂಡಿಡುವ ಜವಾಬ್ದಾರಿ ನಮ್ಮ ಮೇಲೇ ಇತ್ತು. ನನ್ನವರಿಗೆ ಅದರಲ್ಲಿ ಒಂದು ಸಿದ್ಧಾಂತವೇ ಇತ್ತು. ರೈತರ ಮನೆಯಿಂದ ಬಂದವರು. “ಎಲ್ಲಾ ದನಾನೂ ಒಂದೇ ಗೂಟಕ್ಕೆ ಕಟ್ಟಬಾರ್ದು ಕಣೇ” ಎನ್ನುವರು. ಒಂದು ಗೂಟ ಅಂಚೆ ಕಚೇರಿ. ಇನ್ನೊಂದು, ಉತ್ತರದ ಗುಡ್ಡಗಳಲ್ಲಿದ್ದ ಒಂದು ಮ್ಯಾಂಗನೀಸ್ ಗಣಿಯ ಷೇರು. ಮೂರನೆಯದು ನಿಕ್ಕಲ್. ಯಾರಾದರೂ ಗಿರಾಕಿ ಬಾಕಿಯನ್ನು ಒಟ್ಟಿಗೆ ತೀರಿಸಿದರೆ ಇವರು ಸಿಟಿಗೆ ಹೋಗಿ ಲೋಹದ ವ್ಯಾಪಾರಿಯ ಹತ್ತಿರ ಅಂಗೈಯಗಲದ ನಿಕ್ಕಲ್ ಬಿಲ್ಲೆಗಳನ್ನು ತೂಕ ಹಾಕಿಸಿ ತರುತ್ತಿದ್ದರು. ನನಗೆ ಒಂದೆಳೆ ಸರ ತಂದಿದ್ದರೆ ನಾನೂ ಬೇಡ ಅನ್ನುತ್ತಿರಲಿಲ್ಲ.

“ಚಿನ್ನ ಬರೀ ಹೆಂಗಸರಿಗೆ ಬೇಕು. ಇದು ಯುದ್ಧಕ್ಕೆ ಬೇಕು. ದೊಡ್ಡ ದೊಡ್ಡ ದೇಶಗಳೇ ಗೋಡೌನಲ್ಲಿ ತುಂಬಿಟ್ಕೊಳ್ತವಂತೆ. ಪೇಪರ್‌ನಲ್ಲಿ ಬಂದಿತ್ತು” ಎನ್ನುವರು. ಗಣಿಯ ಷೇರಿಗೂ ಅವರ ಬಳಿ ಒಂದು ಮಾತಿತ್ತು: “ಭೂಮಿ ಒಳಗಿರೋದು ಎಲ್ಲಿಗೂ ಓಡಿಹೋಗಲ್ಲ.”

ಡಾಕ್ಟರ ಬಳಿಯಿಂದ ಬಂದ ಸಂಜೆ ನಾವಿಬ್ಬರೂ ಗೂಟಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದೆವು. ಅಂಚೆ ಕಚೇರಿಯದು ಮಗಳ ಮದುವೆಗೆ ಕರಗಿತ್ತು. ಷೇರಿನ ಬಗ್ಗೆ ಮಾರನೆಯ ದಿನ ಬ್ರೋಕರಿಗೆ ಫೋನು ಮಾಡಿದೆ. ಗಣಿಯ ಗುತ್ತಿಗೆ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ, ಗುಂಡಿಯಲ್ಲಿ ನೀರು ನಿಂತಿದೆ, ಕೆಲಸವಿಲ್ಲ ಎಂದ. “ಮಾರೋಕೆ ನೂರು ಜನ ಇದಾರೆ ಮೇಡಂ, ಕೊಳ್ಳೋರೇ ಇಲ್ಲ. ಕಾಗದ ಜೋಪಾನ ಮಾಡಿ. ಯಾವತ್ತಾದ್ರೂ ಏಳಬಹುದು, ಏಳದೆಯೂ ಇರಬಹುದು.” ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ ಕಮಿಷನ್ ತೆಗೆದುಕೊಳ್ಳುವ ಜನ.

ಉಳಿದದ್ದು ನಿಕ್ಕಲ್. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಹೊತ್ತಿನಲ್ಲಿ ನಿಕ್ಕಲ್ ಬೆಲೆ ಹುಚ್ಚು ಹಿಡಿದಂತೆ ಏರುತ್ತಿತ್ತು. ನಮ್ಮಂಥ ಶೆಡ್ಡಿನವರೆಲ್ಲ ಪದರವನ್ನು ತೆಳ್ಳಗೆ ಮಾಡಿ ಮಾಡಿ ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದರು. ವ್ಯಾಪಾರಿಯೇ, “ಮನೇಲಿ ಹಳೇ ಮಾಲು ಇದ್ರೆ ಕೊಡಿ ಮೇಡಂ” ಎಂದು ಕೇಳುತ್ತಿದ್ದ. ಕೂಡಿಟ್ಟದ್ದನ್ನು ಅಂದಿನ ದರಕ್ಕೆ ಮಾರಿದರೆ ಶೆಡ್ಡಿಗೆ ಬೀಗ ಹಾಕಿ, ದಾಸರಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಸರಳವಾಗಿ ಬದುಕಬಹುದಿತ್ತು. ಇವರು ಆ ತೊಟ್ಟಿಯ ಮೇಲೆ ಮತ್ತೆ ಬಗ್ಗಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದು ಅಷ್ಟೇ.

ನಿಕ್ಕಲ್ ಇದ್ದದ್ದು ಶೆಡ್ಡಿನ ನೆಲದೊಳಗೆ. ಆಗೆಲ್ಲ ಪೀಣ್ಯದಲ್ಲಿ ಕಳ್ಳತನ ಹೆಚ್ಚು. ಹೆಂಚು ಸರಿಸಿ ಇಳಿದು ತಾಮ್ರದ ಸರಳುಗಳನ್ನೇ ಹೊತ್ತೊಯ್ಯುತ್ತಿದ್ದರು. ಅದಕ್ಕೇ ಒಂದು ಮೂಲೆಯಲ್ಲಿ ಗುಂಡಿ ತೋಡಿ, ಬಿಲ್ಲೆಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಚಪ್ಪಡಿ ಕಲ್ಲು ಹಾಸಿ ಸಿಮೆಂಟಿನಿಂದ ಸಂದು ಮುಚ್ಚಿದ್ದೆವು. ಆಮೇಲೆ ಹಿತ್ತಾಳೆಯ ನಲ್ಲಿಗಳ ಕೆಲಸ ಬಂತು. ಹಿತ್ತಾಳೆಯನ್ನು ಬೆಳಗಲು ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಬೇಕು. ಆ ಜಾಡಿಗಳನ್ನು ಎಲ್ಲಿಡುವುದು ಎಂದಾಗ ಇವರು ನೇರವಾಗಿ ಅದೇ ಚಪ್ಪಡಿಯ ಮೇಲೆ ಇಡಿಸಿದರು. ಕೆಂಪು ಹೊಗೆ ಏಳುವ ಜಾಗಕ್ಕೆ ಯಾವ ಕಳ್ಳ ಕೈ ಹಾಕುತ್ತಾನೆ? “ನಾಯಿ ಸಾಕೋ ಖರ್ಚು ಉಳೀತು. ನೈಟ್ರಿಕ್ಕೇ ಕಾವಲು” ಎಂದರು. ಎಂಥ ಬುದ್ಧಿ ಎಂದು ನಾನೂ ಹೆಮ್ಮೆಪಟ್ಟೆ.

ಒಂದು ಭಾನುವಾರ ಜಾಡಿಗಳನ್ನು ಸರಿಸಿ ಚಪ್ಪಡಿಗೆ ಹಾರೆ ಹಾಕಿದೆವು. ತಂತಿ ಕಟ್ಟುವವರಲ್ಲಿ ಎಲ್ಲರಿಗಿಂತ ಹಿರಿಯಳು ಸಹಾಯಕ್ಕೆ ಬಂದಿದ್ದಳು. ಸಂದಿನ ಸಿಮೆಂಟು ಹಾರೆಗೆ ಕಾಯಲೇ ಇಲ್ಲ, ನೆನೆದ ರೊಟ್ಟಿಯಂತೆ ಪುಡಿಯಾಯಿತು. ಕಲ್ಲು ಎತ್ತಿದಾಗ ಕೆಳಗಿನ ಮಣ್ಣು ಹಸಿರಾಗಿತ್ತು.

“ಇದೇನಮ್ಮಾ, ಪಾಚಿ ಕಟ್ಟೈತಾ?” ಎಂದಳು ಅವಳು.

ಪಾಚಿಯಲ್ಲ, ಕರಗಿದ ನಿಕ್ಕಲ್. ಆ ಹಸಿರನ್ನು ನಾನು ಪ್ರತಿದಿನ ಗಾಜಿನ ಕೊಳವೆಯಲ್ಲಿ ಹಿಡಿದು ನೋಡುವವಳು. ಜಾಡಿಗಳಿಂದ ತೊಟ್ಟಿಕ್ಕಿದ ನೈಟ್ರಿಕ್ ಸಂದಿಯಿಂದ ಇಳಿದು, ಗೋಣಿ ಕೊಳೆತು ಹೋಗಿತ್ತು, ಪ್ಲಾಸ್ಟಿಕ್ ಹರಿದಿತ್ತು. ಒಳಗಿನ ಬಿಲ್ಲೆಗಳು ಇಲಿ ಕಡಿದ ಬಿಸ್ಕತ್ತಿನಂತೆ ಅಂಚು ಸವೆದು ಹಸಿರು ಹಿಟ್ಟು ಮೆತ್ತಿಕೊಂಡಿದ್ದವು. ಕೆಳಗಿನವು ಕೈಗೆ ಸಿಗಲೇ ಇಲ್ಲ, ಬರೀ ಕೆಸರು. ತೊಳೆದು ತೂಗಿದಾಗ ಇಟ್ಟದ್ದರ ಅರ್ಧವೂ ಇರಲಿಲ್ಲ.

ನನ್ನವರು ಚಪ್ಪಡಿಯ ಮೇಲೆ ಕುಳಿತರು. “ಬೇಲೀನೇ ಎದ್ದು ಹೊಲ ಮೇಯ್ದುಬಿಡ್ತು” ಎಂದರು.

ಹಿರಿಯಳಿಗೆ ಆಗಲೇ ಅರ್ಥವಾದದ್ದು. ಅಯ್ಯೋ ಅನ್ನಲಿಲ್ಲ. “ಊತಿಟ್ರೆ ಗಿಡ ಆಯ್ತದೆ ಅಂದ್ಕಂಡಿದ್ರಾ ಸಾಮಿ? ಇಂಗೆ ಊಳೋ ಬದ್ಲು ನಮಗಾದ್ರೂ ಒಂದಿಷ್ಟು ಕೊಟ್ಟಿದ್ರೆ ಕಾಲ್ಗೆಜ್ಜೆ ಮಾಡಿಸ್ಕತಿದ್ವಿ” ಎಂದಳು. ಇವರು ನಗಲಾರದೆ ನಕ್ಕರು. ನನಗೆ ನಗು ಬರಲಿಲ್ಲ. ರಸಾಯನಶಾಸ್ತ್ರ ಓದಿಯೂ ನೈಟ್ರಿಕ್ಕನ್ನು ಕಾವಲಿಗಿಡಲು ಬಿಟ್ಟವಳು ನಾನು. ಆದರೆ ಅಂದು ನಾಚಿಕೆಗಿಂತ ಸುಸ್ತೇ ಹೆಚ್ಚಾಗಿತ್ತು.

ಸೋಮವಾರ ಇವರು ಎಂದಿನಂತೆ ಕ್ರೋಮ್ ತೊಟ್ಟಿಯ ಮುಂದೆ ನಿಂತಿದ್ದರು. ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಂಡಿದ್ದರು, ಅಷ್ಟೇ ವ್ಯತ್ಯಾಸ.

“ಡಾಕ್ಟರ್ ಏನಂದ್ರು ಮರೆತುಹೋಯ್ತಾ?” ಎಂದೆ.

“ಮರೆತಿಲ್ಲ. ಇನ್ನೆರಡು ವರ್ಷ ಅಷ್ಟೇ ಕಣೇ. ಹೋಗಿರೋದನ್ನ ಮತ್ತೆ ಕೂಡಿಸೋಣ.”

ಆ ಮಾತಿಗೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಆದರೆ ಸಿಟ್ಟಿಗೊಂದು ಕೆಲಸ ಕೊಡುವುದು ನನ್ನ ಸ್ವಭಾವ. ಲೋಹ ಕರಗಿದೆ ಅಂದರೆ ಇಲ್ಲವಾಗಿದೆ ಎಂದಲ್ಲ, ಎಲ್ಲೋ ಇದೆ ಎಂದು. ಎಲ್ಲಿದೆ ಎಂದು ಹುಡುಕಲು ನನ್ನ ಬಳಿ ಒಂದು ಮದ್ದಿತ್ತು. ನಿಕ್ಕಲ್ ಇರುವ ನೀರಿಗೆ ಅಮೋನಿಯ ಹಾಕಿ ಆ ಮದ್ದಿನ ಎರಡು ಹನಿ ಬಿಟ್ಟರೆ ಹಸಿರು ಹೋಗಿ ದಾಸವಾಳದಂಥ ಕೆಂಪು ಬರುತ್ತದೆ. ನಿಕ್ಕಲ್ ಹೆಚ್ಚಿದ್ದರೆ ಕಡುಗೆಂಪು, ಕಡಿಮೆಯಿದ್ದರೆ ತಿಳಿ ಗುಲಾಬಿ.

ಗುಂಡಿಯಿಂದ ಸುತ್ತಲೂ ಒಂದೊಂದು ಗೇಣಿಗೆ ಮಣ್ಣು ತೆಗೆದು, ನೀರಲ್ಲಿ ಕದಡಿ, ಸೋಸುಕಾಗದದ ಮೇಲೆ ಹನಿ ಹಾಕುತ್ತಾ ಹೋದೆ. ಮೇಜಿನ ತುಂಬ ಕೆಂಪು ಚುಕ್ಕೆಗಳು. ಗೋಡೆಯ ಕಡೆಗೆ ಹೋದಂತೆ ಗುಲಾಬಿಯಾಗಿ, ಗೋಡೆಯ ಬುಡದಲ್ಲಿ ನಿಂತುಹೋಯಿತು. ಹಿಂದಿನ ಶೆಡ್ಡಿನವರು ಕುಡಿಯುವ ಬೋರ್‌ವೆಲ್ಲಿನ ನೀರನ್ನೂ ತಂದು ನೋಡಿದೆ. ಬಣ್ಣ ಬರಲಿಲ್ಲ. ಮತ್ತೊಮ್ಮೆ ಹಾಕಿದೆ, ಬರಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದೆ. ಕೆಳಗಿದ್ದ ಗಟ್ಟಿ ಜೇಡಿಮಣ್ಣು ನಮ್ಮ ಮಾನ ಉಳಿಸಿತ್ತು. ಹೋದದ್ದರಲ್ಲಿ ಬಹುಪಾಲು ನಮ್ಮ ನೆಲದಲ್ಲೇ ಇತ್ತು.

ಅಲ್ಲಿಂದ ಶುರುವಾದದ್ದು ಮಣ್ಣು ತೊಳೆಯುವ ಕೆಲಸ. ಹಸಿರು ಮಣ್ಣನ್ನು ಅಗೆದು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ನೀರು ಬೆರೆಸಿದ ಗಂಧಕಾಮ್ಲ ಹಾಕಿ, ಬಿದಿರು ಕೋಲಿನಿಂದ ತಿರುವುವುದು. ಮಾರನೆಯ ದಿನ ತಿಳಿಯನ್ನು ಬಸಿದು ತೆಗೆಯುವುದು. ಅದರಲ್ಲಿ ನಿಕ್ಕಲ್ ಜೊತೆ ನೆಲದ ಕಬ್ಬಿಣವೂ ಹಿತ್ತಾಳೆಯಿಂದ ಇಳಿದ ತಾಮ್ರವೂ ಇರುತ್ತಿದ್ದವು. ಪೆರಾಕ್ಸೈಡ್ ಹಾಕಿ, ವಾಷಿಂಗ್ ಸೋಡಾ ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಮೊದಲು ಕಬ್ಬಿಣ, ಅದರ ಬೆನ್ನಿಗೇ ತಾಮ್ರ, ಕಂದು ಕೆಸರಾಗಿ ಕೆಳಗೆ ಕೂರುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಬೇಕು. ಸೋಡಾ ಒಂದಿಷ್ಟು ಹೆಚ್ಚಾದರೆ ನಿಕ್ಕಲ್ಲೂ ಅದರ ಜೊತೆಗೇ ಕೂತುಬಿಡುತ್ತದೆ, ಮತ್ತೆ ಮೊದಲಿನಿಂದ. ಆ ಕಂದು ಕೆಸರು ಬಟ್ಟೆಯ ಕಣ್ಣುಗಳನ್ನು ಮುಚ್ಚಿ, ಒಂದು ಬಕೆಟ್ಟು ಸೋಸಲು ಅರ್ಧ ದಿನ ಹಿಡಿಯುತ್ತಿತ್ತು. ನನ್ನ ಹಳೇ ಕಾಟನ್ ಸೀರೆಗಳೆಲ್ಲ ಅದಕ್ಕೇ ಹೋದವು.

ಕೊನೆಗೆ ತಿಳಿಯಾದ ಹಸಿರು ನೀರಿಗೆ ಧಾರಾಳವಾಗಿ ಸೋಡಾ ಸುರಿದರೆ ನಿಕ್ಕಲ್ ಹಿಟ್ಟಾಗಿ ಇಳಿಯುತ್ತಿತ್ತು, ಪುದೀನ ಚಟ್ನಿಯ ಬಣ್ಣದಲ್ಲಿ. ಹಿರಿಯಳು ಅದನ್ನು ನೀರು ಬದಲಿಸಿ ಬದಲಿಸಿ ತೊಳೆಯುತ್ತ, “ಒಳೇಲಿ ಉಣಿಸೇಹಣ್ಣು ತೊಳ್ದಂಗೆ ಆಯ್ತಲ್ಲಮ್ಮಾ ನಮ್ ಬಾಳು” ಎನ್ನುತ್ತಿದ್ದಳು. ಬೆನ್ನು ನೋವು, ಕೈಯೆಲ್ಲ ತುರಿಕೆ. ದಿನದ ಕೆಲಸ ಮುಗಿದ ಮೇಲೆ ಈ ಕೆಲಸ. ಮಳೆಗಾಲ ಪೂರ್ತಿ ಹೀಗೇ ಕಳೆಯಿತು. ಇವರು ಅತ್ತ ಕ್ರೋಮ್ ತೊಟ್ಟಿಯ ಮೇಲೆ ಬಗ್ಗಿಯೇ ಇದ್ದರು. ಕೆಮ್ಮು ಶುರುವಾಗಿತ್ತು.

ಹಿಟ್ಟನ್ನು ಒಣಗಿಸಿ ಒಂದು ಡಬ್ಬಿಯಲ್ಲಿ ವ್ಯಾಪಾರಿಗೆ ಕೊಂಡುಹೋದೆ. ಸವೆದ ಬಿಲ್ಲೆಗಳನ್ನು ಅವನು ಮುಖ ಸಿಂಡರಿಸಿಯಾದರೂ ಕೊಂಡಿದ್ದ. ಹಿಟ್ಟನ್ನು ಮೂಸಿ ನೋಡಿ ಹಿಂದಕ್ಕೆ ತಳ್ಳಿದ.

“ಇದು ನಿಕ್ಕಲ್ ಅಂತ ನೀವು ಹೇಳ್ತೀರಾ ಮೇಡಂ, ನಾನು ನಂಬ್ತೀನಿ. ನನ್ನ ಹತ್ರ ತಗೊಳ್ಳೋನು ನಂಬಬೇಕಲ್ಲ? ಲೋಹ ಮಾಡ್ಕೊಂಡು ಬನ್ನಿ. ಹಪ್ಪಳದಷ್ಟು ತೆಳ್ಳಗಿದ್ರೂ ಪರವಾಗಿಲ್ಲ, ತಗೋತೀನಿ.”

ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಯೋಚಿಸಿದೆ. ಹಿಟ್ಟನ್ನು ಲೋಹ ಮಾಡುವುದು ಅಸಾಧ್ಯವೇನಲ್ಲ. ದಿನವೂ ಹ್ಯಾಂಡಲ್ಲಿನ ಮೇಲೆ ಕೂರಿಸುವುದನ್ನೇ ಒಂದು ಸ್ಟೀಲ್ ತಗಡಿನ ಮೇಲೆ ದಪ್ಪವಾಗಿ ಕೂರಿಸಿ ಸುಲಿದುಕೊಂಡರಾಯಿತು. ಸ್ಟೇನ್‌ಲೆಸ್ ಸ್ಟೀಲಿಗೆ ನಿಕ್ಕಲ್ ಗಟ್ಟಿಯಾಗಿ ಅಂಟುವುದಿಲ್ಲ. ಆದರೆ ಎದುರಿಗೆ ಕರಗದ ಸೀಸದ ಹಲಗೆಗಳು ಬೇಕು, ಸೀಸದ ಒಳಮೈಯಿರುವ ತೊಟ್ಟಿ ಬೇಕು, ಇಡೀ ದಿನ ಬಿಡುವಿಲ್ಲದೆ ಕರೆಂಟು ಕೊಡುವ ರೆಕ್ಟಿಫೈಯರ್ ಬೇಕು. ಈ ಮೂರೂ ಇದ್ದದ್ದು ಶೆಡ್ಡಿನಲ್ಲಿ ಒಂದೇ ಕಡೆ, ಇವರು ಬಗ್ಗಿ ನಿಂತಿರುತ್ತಿದ್ದ ಆ ಕ್ರೋಮ್ ತೊಟ್ಟಿಯಲ್ಲಿ. ಕ್ರೋಮ್ ನಿಂತರೆ ಗಿರಾಕಿಗಳೂ ನಿಲ್ಲುತ್ತಾರೆ. ಹೊಳಪಿಲ್ಲದ ಹ್ಯಾಂಡಲ್ ಯಾರಿಗೆ ಬೇಕು?

ಕೇಳಿದರೆ ಇವರು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಕೇಳಲಿಲ್ಲ. ಒಂದು ದಿನ ಇವರು ಮಾಲು ತಲುಪಿಸಲು ಯಶವಂತಪುರಕ್ಕೆ ಹೋಗಿದ್ದಾಗ ಮೂರನೇ ಅಡ್ಡರಸ್ತೆಯ ಪ್ಲೇಟಿಂಗ್‌ನವನನ್ನು ಕರೆಸಿ, ತೊಟ್ಟಿಯಲ್ಲಿದ್ದ ಕ್ರೋಮ್ ದ್ರಾವಣವನ್ನು ಅವನು ಕೇಳಿದ ಬೆಲೆಗೇ ಕೊಟ್ಟುಬಿಟ್ಟೆ. ಅವನ ಕೆಲಸದವರು ಕೈಪಂಪು ಹಾಕಿ, ಕಡುಗೆಂಪು ದ್ರಾವಣವನ್ನು ಕ್ಯಾನುಗಳಿಗೆ ತುಂಬಿಕೊಂಡು ಟೆಂಪೋದಲ್ಲಿ ಒಯ್ದರು. ತೊಟ್ಟಿಯ ತಳವನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ.

ಇವರು ಬಂದು ಖಾಲಿ ತೊಟ್ಟಿಯ ಮುಂದೆ ನಿಂತರು. ಹೆಂಗಸರೆಲ್ಲ ತಲೆ ತಗ್ಗಿಸಿ ತಂತಿ ಕಟ್ಟುತ್ತಿದ್ದರು, ಕಟ್ಟಿದ್ದನ್ನೇ ಬಿಚ್ಚಿ ಕಟ್ಟುತ್ತಿದ್ದರು.

“ಯಾರನ್ನ ಕೇಳಿ ಮಾಡ್ದೆ?”

“ಯಾರನ್ನೂ ಕೇಳ್ಲಿಲ್ಲ.”

“ನಾಳೆ ಗಿರಾಕಿ ಬಂದ್ರೆ ಏನ್ ಹೇಳ್ಲಿ?”

“ಮುಚ್ಚಿದೀವಿ ಅನ್ನಿ.”

“ಮುಚ್ಚಿ ತಿನ್ನೋದೇನು, ಆ ಹಸಿರು ಹಿಟ್ಟಾ?” ಎಂದು ಕೂಗಿದರು. ಕೂಗಿದ್ದಕ್ಕೆ ಕೆಮ್ಮು ಬಂದು ಗೋಡೆ ಹಿಡಿದುಕೊಂಡರು. ನಾನು ನೀರು ಕೊಡಲು ಹೋದರೆ ಲೋಟ ತಳ್ಳಿದರು.

ನನಗೂ ಸಹನೆ ಮುಗಿದಿತ್ತು. “ಆ ಡಾಕ್ಟರು ಟಾರ್ಚ್ ಬಿಟ್ಟಾಗ ನೀವು ನೋಡ್ಲಿಲ್ಲ ರೀ, ನಾನು ನೋಡ್ದೆ. ಬೆಳಕು ಈ ಕಡೆಯಿಂದ ಆ ಕಡೆ ಹೋಗ್ತಿತ್ತು. ಅದನ್ನ ನೋಡಿದ ಮೇಲೆ ನಾನು ನಿಮ್ಮನ್ನ ಕೇಳ್ಬೇಕಾ?” ಎಂದೆ. ಹೇಳುತ್ತ ಅತ್ತೆನೆಂದು ಕಾಣುತ್ತದೆ. ಇವರು ಹೊರಗೆ ನಡೆದುಬಿಟ್ಟರು. ಎರಡು ದಿನ ನನ್ನೊಂದಿಗೆ ಮಾತಾಡಲೂ ಇಲ್ಲ.

ಮೂರನೆಯ ದಿನ ಬಂದು, “ತೊಟ್ಟೀನ ಸರಿಯಾಗಿ ತೊಳ್ದಿಲ್ಲ ನೀನು. ನಿಕ್ಕಲ್‌ಗೆ ಕ್ರೋಮ್ ವಿಷ, ಗೊತ್ತಲ್ಲ?” ಎಂದರು. ಅಷ್ಟರಲ್ಲಿ ಗೊತ್ತಾಗಿತ್ತು. ನನ್ನ ಮೊದಲ ತಗಡಿನ ಮೇಲೆ ನಿಕ್ಕಲ್ ಕಪ್ಪು ಗೆರೆಗೆರೆಯಾಗಿ ಬಂದು ಉದುರಿಹೋಗಿತ್ತು. ಸಾಸಿವೆಯಷ್ಟು ಕ್ರೋಮ್ ಉಳಿದರೂ ಇಡೀ ದ್ರಾವಣ ಕೆಡುತ್ತದೆ. ಸೀಸದ ಮೈಯ ಸಂದಿಗಳಿಗೆಲ್ಲ ಬೈಸಲ್ಫೈಟ್ ನೀರು ಹಾಕಿ ಇಬ್ಬರೂ ಉಜ್ಜಿದೆವು. ಕಿತ್ತಳೆ ಬಣ್ಣ ಹೋಗಿ ಹಸಿರಾದರೆ ವಿಷ ಇಳಿದಂತೆ. ಮತ್ತೆ ತೊಳೆದೆವು, ಮತ್ತೆ ನೋಡಿದೆವು. ತೊಟ್ಟಿಯ ಒಳಗೆ ಇಳಿಯಲು ಇವರನ್ನು ಬಿಡಲಿಲ್ಲ. ಹೊರಗೆ ಕುಳಿತು ಬೈಯುತ್ತ ನೀರು ಕೊಟ್ಟರು.

ಎರಡನೆಯ ತಗಡು ಇನ್ನೊಂದು ತರಹ ಕೈಕೊಟ್ಟಿತು. ತೊಟ್ಟಿ ತುಂಬಲೆಂದು ನಾನು ಹಳೇ ನಿಕ್ಕಲ್ ದ್ರಾವಣವನ್ನು ಒಂದಿಷ್ಟು ಬೆರೆಸಿದ್ದೆ. ಅದರಲ್ಲಿದ್ದ ಹೊಳಪಿನ ಮದ್ದು ಲೋಹವನ್ನು ಬಿಗಿದು ಬಿಗಿದು, ಅದು ಬಾಣಲೆಗೆ ಬಿದ್ದ ಹಪ್ಪಳದಂತೆ ಸುರುಳಿ ಸುತ್ತಿಕೊಂಡು ತಾನೇ ತಗಡಿನಿಂದ ಎದ್ದು ಬಂತು. ಇದ್ದಿಲ ಪುಡಿ ಹಾಕಿ ಬಿಸಿ ಮಾಡಿ ಆ ಮದ್ದನ್ನು ಹೀರಿಸಿ ಸೋಸಿದೆವು. ಮತ್ತಷ್ಟು ಸೀರೆ ಹೋಯಿತು.

ಆಮೇಲೆ ನಿಧಾನವಾಗಿ ಕೆಲಸ ಹಿಡಿತಕ್ಕೆ ಬಂತು. ಕರೆಂಟು ಹರಿದಂತೆ ಸೀಸದ ಕಡೆ ಆಮ್ಲ ಹುಟ್ಟುತ್ತದೆ. ಆ ಆಮ್ಲಕ್ಕೆ ಹಸಿರು ಹಿಟ್ಟನ್ನು ಗಂಟೆಗೊಮ್ಮೆ ಉಣಿಸುತ್ತಿದ್ದರೆ ಅದು ಕರಗಿ, ಎದುರಿನ ತಗಡಿನ ಮೇಲೆ ಲೋಹವಾಗಿ ಕೂರುತ್ತದೆ. ಹಿಟ್ಟು ಉಣಿಸುವ ಕೆಲಸವನ್ನು ಇವರು ತಾವಾಗಿಯೇ ಕೈಗೆ ತೆಗೆದುಕೊಂಡರು. ಬಾಗಿಲ ಹತ್ತಿರ, ಗಾಳಿಯಾಡುವ ಕಡೆ ಒಂದು ಸ್ಟೂಲು ಹಾಕಿಕೊಟ್ಟೆ. ಈಗ ಆ ತೊಟ್ಟಿಯಿಂದ ಕ್ರೋಮಿನ ಹಳದಿ ಹಬೆ ಏಳುತ್ತಿರಲಿಲ್ಲ.

ಕಾಟ ಕೊಟ್ಟದ್ದು ಕರೆಂಟು. ಆ ಕಾಲದಲ್ಲಿ ಪೀಣ್ಯದಲ್ಲಿ ಕರೆಂಟು ಬಂದರೆ ನಂಬುತ್ತಿರಲಿಲ್ಲ, ಹೋದರೆ ಆಶ್ಚರ್ಯಪಡುತ್ತಿರಲಿಲ್ಲ. ನಿಕ್ಕಲ್ ಕೂರುತ್ತಿರುವಾಗ ಕರೆಂಟು ಹೋದರೆ ಮೇಲ್ಮೈ ಮುನಿಸಿಕೊಳ್ಳುತ್ತದೆ. ಮತ್ತೆ ಬಂದಾಗ ಕೂರುವ ಪದರ ಹಳೆಯದಕ್ಕೆ ಅಂಟುವುದಿಲ್ಲ. ತಗಡನ್ನು ತೆಗೆದು, ತೊಳೆದು, ಆಸಿಡ್ಡಿನಲ್ಲಿ ಅದ್ದಿ ಎಬ್ಬಿಸಿ ಮತ್ತೆ ಇಳಿಸಬೇಕು. ಎಷ್ಟು ಎಚ್ಚರ ವಹಿಸಿದರೂ ಮೊದಲ ಗಟ್ಟಿ ಹಾಳೆಯನ್ನು ಸುಲಿದು ಬಗ್ಗಿಸಿದಾಗ ಅದು ಚಿರೋಟಿಯಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಇವರು ಪದರಗಳನ್ನು ಬೆರಳಲ್ಲಿ ಬಿಡಿಸುತ್ತ, “ಇದು ಬೆಳಿಗ್ಗೇದು, ಇದು ಮಧ್ಯಾಹ್ನದ್ದು, ಇದು ಲೈನ್‌ಮನ್ ಊಟಕ್ಕೆ ಹೋದಾಗಿನದು” ಎಂದರು. ಎಷ್ಟೋ ವಾರಗಳ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಆಗ.

ವ್ಯಾಪಾರಿ ಹಾಳೆಗಳನ್ನು ಬಡಿದು, ಬಗ್ಗಿಸಿ, ಪದರಗಳ ನಡುವೆ ಉಪ್ಪು ಸಿಕ್ಕಿಕೊಂಡಿದೆ ಎಂದು ಬೆಲೆ ಇಳಿಸಿದ. ನಿಕ್ಕಲ್ ದರವೂ ಅಷ್ಟರಲ್ಲಿ ಶಿಖರದಿಂದ ಕೆಳಗಿಳಿಯಲು ತೊಡಗಿತ್ತು. ನಾನು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡುವ ತ್ರಾಣವೂ ಇರಲಿಲ್ಲ. ಡ್ರಮ್ಮಿನ ಹಿಟ್ಟು ಮುಗಿಯುವವರೆಗೆ ಹಾಳೆ ಸುಲಿದು ಸುಲಿದು ಕೊಟ್ಟೆವು. ಅಗೆದ ಗುಂಡಿಗೆ ಸುಣ್ಣ ಹಾಕಿ, ಹೊಸ ಮಣ್ಣು ತುಂಬಿ, ಚಪ್ಪಡಿಯನ್ನು ಮತ್ತೆ ಹಾಸಿದೆವು. “ಈಗ ಏನೂ ಊಳಾಕಿಲ್ವಾ ಸಾಮಿ?” ಎಂದು ಹಿರಿಯಳು ಕೇಳಿದಳು. “ಗಣಿ ಷೇರು ಕಾಗದ ಇದೆ, ಹೂತುಬಿಡ್ಲಾ?” ಎಂದರು ಇವರು.

ಎಲ್ಲ ಸೇರಿಸಿದರೂ ಇಬ್ಬರೂ ಕೈಕಟ್ಟಿ ಕೂರುವಷ್ಟು ಆಗಲಿಲ್ಲ. ಒಬ್ಬರು ಕೂರುವಷ್ಟು ಆಯಿತು. ಯಾರು ಎಂದು ಚರ್ಚೆ ನಡೆಯಲಿಲ್ಲ. ಕ್ರೋಮ್ ಬೇಡದ ಕೆಲಸ ಹುಡುಕಿಕೊಂಡೆ. ಬೀಗದ ಒಳಭಾಗಗಳು, ಬ್ಯಾಟರಿಯ ಕ್ಲಿಪ್ಪುಗಳು, ಬರೀ ನಿಕ್ಕಲ್ ಸಾಕಾಗುವಂಥವು. ತೊಳೆಯುವ ಆಸಿಡ್ಡು ಮಾತ್ರ ಇದ್ದೇ ಇತ್ತು. ಹಿರಿಯಳೂ ಅವಳ ಜೊತೆ ಇನ್ನೊಬ್ಬಳೂ ಉಳಿದರು. ಇವರು ದಾಸರಹಳ್ಳಿಯ ಮನೆಯಲ್ಲಿ ಉಳಿದರು. ಮೊದಮೊದಲು ದಿನಕ್ಕೆ ಎರಡು ಸಲ ಪಕ್ಕದ ಅಂಗಡಿಯಿಂದ ಶೆಡ್ಡಿಗೆ ಫೋನು ಮಾಡಿ, ದ್ರಾವಣದ ಬಿಸಿ ಎಷ್ಟಿದೆ ಎಂದು ಕೇಳುತ್ತಿದ್ದರು. ಆಮೇಲೆ ಒಂದು ಸಲ. ಆಮೇಲೆ ಬರುವಾಗ ಕೊತ್ತಂಬರಿ ಸೊಪ್ಪು ತಾ ಎಂದು ಹೇಳಲು ಮಾತ್ರ.

ನನಗೆ ಆ ದಿನಗಳಲ್ಲಿ ಸಂತೋಷವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಬೆಳಿಗ್ಗೆ ಎದ್ದರೆ ಕಾಲು ನೆಲಕ್ಕೆ ಊರುವಾಗಲೇ ಸಾಕೆನಿಸುತ್ತಿತ್ತು. ಬಸ್ಸಿನಲ್ಲಿ ಕೂತರೆ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂಬ ಲೆಕ್ಕ ತಾನಾಗಿ ಶುರುವಾಗುತ್ತಿತ್ತು. ಜಾಡಿಗಳನ್ನು ಎರಡೇ ಎರಡು ಮಾರು ಆಚೆಗೆ ಇಟ್ಟಿದ್ದರೆ ನಾನೂ ಮನೆಯಲ್ಲಿರುತ್ತಿದ್ದೆ ಎಂದು ಲೆಕ್ಕ ಮುಗಿಯುತ್ತಿತ್ತು. ಇವರ ಕೆಮ್ಮು ಇಳಿದಿತ್ತು, ಅದೊಂದೇ ಸಮಾಧಾನ. ಮೂಗಿನ ತೂತು ಮುಚ್ಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಯುಗಾದಿ ಹತ್ತಿರವಿತ್ತು. ಒಂದು ಸಂಜೆ ಬಸ್ಸಿಳಿದು, ಕೈಯಲ್ಲಿ ಕೊತ್ತಂಬರಿ ಹಿಡಿದು ಮನೆಗೆ ಬಂದೆ. ಇವರು ಬಾಗಿಲು ತೆಗೆದವರು ದಾರಿ ಬಿಡದೆ ನಿಂತುಬಿಟ್ಟರು. ಮುಖ ಕಿವುಚಿ ಒಂದು ಹೆಜ್ಜೆ ಹಿಂದಕ್ಕೆ ಹೋದರು. ನನಗೆ ರೇಗಿತು. “ಏನ್ರೀ, ಒಳಗೆ ಬಿಡ್ತೀರೋ ಇಲ್ವೋ?” ಎಂದೆ.

“ಥೂ, ಏನೇ ಇದು! ನಿನ್ನ ಸೀರೆ ಆಸಿಡ್ ವಾಸ್ನೆ ಹೊಡೀತಿದೆ ಕಣೇ. ಹೋಗು, ಬಿಚ್ಚಿ ನೆನೆಹಾಕು” ಎಂದರು.

ಹೇಳಿದ ಮೇಲೆ ಅವರೇ ಬೆಚ್ಚಿ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಲಿಲ್ಲ. ಕೊತ್ತಂಬರಿ ಕಟ್ಟನ್ನು ಅವರ ಮೂಗಿನ ಹತ್ತಿರ ಹಿಡಿದು ಹೊಸಿಲ ಮೇಲೆ ನಿಂತೇ ಇದ್ದೆ.